ಹೂವಮ್ಮ ಒತ್ತಿದ ಮುದ್ರೆ

ಕಳವಾರದವರು ಅವಳನ್ನು ಹೂವಮ್ಮ ಎನ್ನುತ್ತಾರೆ. ನೇಪಾಳದ ತವರಿನಲ್ಲಿ ಇಟ್ಟ ಹೆಸರು ಫೂಲಮಾಯಾ. ಬೆಂಗಳೂರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಅಲ್ಲೇ ಅಡುಗೆಗಿದ್ದ ಕೆಂಪರಾಜುವನ್ನು ಮೆಚ್ಚಿ ಮದುವೆಯಾಗಿ ಈ ಊರಿಗೆ ಬಂದಳು. ಬಂದ ಮೊದಲ ಬೆಳಗ್ಗೆ ಬಾಗಿಲು ತೆರೆದರೆ ಸ್ಕಂದಗಿರಿ ಮಂಜಿನಲ್ಲಿ ಅರ್ಧ ಕರಗಿ ನಿಂತಿತ್ತು. ತವರೇ ತನಗಿಂತ ಮುಂಚೆ ಬಂದು ಕಾದಿದೆಯೇನೋ ಅನ್ನಿಸಿ ಹೊಸಿಲಲ್ಲೇ ಕೂತುಬಿಟ್ಟಿದ್ದಳು.

ಅದಾಗಿ ಎಷ್ಟೋ ವರ್ಷ. ಬೆಟ್ಟ ಹತ್ತಲು ಬರುವವರಿಗೆ ಗಂಡ ಹೆಂಡತಿ ಟೀ ಮಾರುತ್ತಾರೆ. ಈ ಗಡಿಸೀಮೆಯವರಂತೆ ಅವಳ ಮಾತಿನಲ್ಲೂ ಕನ್ನಡದ ಜೊತೆ ತೆಲುಗು ಬೆರೆತಿದೆ. ಕನಸು ಮಾತ್ರ ಯಾವ ಭಾಷೆಯಲ್ಲಿ ಬೀಳುತ್ತದೋ ಅವಳಿಗೇ ತಿಳಿಯದು. ಪಂಚಾಯಿತಿ ಚುನಾವಣೆ ಬಂದಾಗ ಮನೆಯವರೆಲ್ಲ ಓಟು ಹಾಕಲು ಹೋದರೆ ಅವಳು ಅಂಗಡಿ ನೋಡಿಕೊಳ್ಳುತ್ತಾಳೆ. ಪರದೇಶದವಳಿಗೆ ಓಟಿಲ್ಲ. ಇಲ್ಲಿಯವಳಾಗಲು ಅರ್ಜಿ ಹಾಕೋಣವೆಂದರೆ ತವರಿನಿಂದ ಕಾಗದಪತ್ರ ತರಿಸಿಕೊಡಲು ಅಲ್ಲಿ ಯಾರೂ ಉಳಿದಿಲ್ಲ.

ಈ ಸಲ ಅತ್ತೆ ಆಂಜಿನಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ಓಟಿನ ದಿನ ಮುದುಕಿ ಸೊಸೆಯ ತೋಳು ಹಿಡಿದುಕೊಂಡಳು. "ನೀನೇ ಕರ್ಕೊಂಡು ಹೋಗಮ್ಮ."

ಮಾಗಿಯ ಮಂಜು ಹೊಲದ ಸೇವಂತಿಗೆಯನ್ನೂ ದಾರಿಯನ್ನೂ ಒಂದೇ ಮಾಡಿತ್ತು. ಶಾಲೆಯ ಮುಂದೆ ಸಾಲಿನಲ್ಲಿದ್ದವರು ಕಾಲೇ ಇಲ್ಲದವರಂತೆ ತೇಲುತ್ತಿದ್ದರು. ಕಣ್ಣು ಕಾಣದವರ ಜೊತೆ ಒಬ್ಬರು ಬರಬಹುದೆಂದು ಒಪ್ಪಿದ ಅಧಿಕಾರಿ, "ಅಜ್ಜಿ ಹೇಳಿದವರಿಗೇ ಒತ್ತಬೇಕು. ಯಾರಿಗೂ ಹೇಳಂಗಿಲ್ಲ" ಎಂದರು.

ರಟ್ಟಿನ ಮರೆಯಲ್ಲಿ ನಿಂತು ಹೂವಮ್ಮ ಪಿಸುಗುಟ್ಟಿದಳು. "ಯಾರಿಗೆ ಅತ್ತೆ?"

"ನಿಂಗೆ ಯಾರು ಸರಿ ಅನ್ನಿಸ್ತಾರೋ ಅವ್ರಿಗೆ. ನಾನು ಹೇಳ್ತಿರೋದೂ ಅದೇ."

"ಅಯ್ಯೋ, ಇದು ನಿಮ್ ಓಟು!"

"ಇಷ್ಟು ವರ್ಷ ನೀರಿಗೆ ಅಲೆದೋಳು ನೀನು. ಯಾರು ಬಂದ್ರು, ಯಾರು ಬರ್ಲಿಲ್ಲ ಅನ್ನೋದು ನಿಂಗೇ ಗೊತ್ತು. ಒತ್ತೇ ತಾಯಿ."

ಬೀದಿಯ ನಲ್ಲಿ ಒಣಗಿದಾಗ ಖಾಲಿ ಕೊಡ ಹಿಡಿದು ಪಂಚಾಯಿತಿ ಬಾಗಿಲಲ್ಲಿ ಕೂತವಳು ಬಟ್ಟೆ ಹೊಲಿಯುವ ತನುಜ. ಈ ಸಲ ಚುನಾವಣೆಗೆ ನಿಂತಿದ್ದ ಅವಳ ಹೆಸರಿನ ಮುಂದೆ ಹೂವಮ್ಮ ಮುದ್ರೆ ಒತ್ತಿದಳು. ಹೊರಗಿನ ಸದ್ದೆಲ್ಲ ದೂರ ಸರಿಯಿತು. ಎಳೆಯ ಹುಡುಗಿಯಾಗಿ ಯಾವುದೋ ತೊರೆಯಲ್ಲಿ ಕಾಲಿಟ್ಟು ನಿಂತಂತೆ ಮೈಯೆಲ್ಲ ತಣ್ಣಗಾಯಿತು.

ಹಿಂದಿರುಗುವಾಗ ಆಂಜಿನಮ್ಮ ಕೇಳಿದಳು. "ಯಾರಿಗೆ ಒತ್ತಿದೆ?"

"ಹೇಳಂಗಿಲ್ಲ ಅಂದ್ರಲ್ಲ ಅತ್ತೆ."

"ನಂಗೂನಾ?" ಮುದುಕಿ ನಕ್ಕ ನಗು ಮಂಜಿನೊಳಗೆ ಎಷ್ಟೋ ದೂರ ಹೋಯಿತು.

ಎಣಿಕೆಯ ದಿನ ಚಿಕ್ಕಬಳ್ಳಾಪುರದಿಂದ ಬಂದ ಕೆಂಪರಾಜು, ತನುಜ ಸೋತಳೆಂದು ಹೇಳಿದ. ಟೀ ಸೋಸುತ್ತಿದ್ದ ಹೂವಮ್ಮನ ಕೈ ನಿಂತಿತು.

"ನಿಂಗ್ಯಾಕೆ ಅಷ್ಟು ಬೇಜಾರು?" ಅಂದ ಅವನು.

ಈ ಊರಿನಲ್ಲಿ ಯಾರು ಗೆದ್ದರೂ ಸೋತರೂ ಅವಳ ಎದೆ ಹೀಗೆ ಕುಸಿದದ್ದಿಲ್ಲ. ಆ ನೋವಿನಲ್ಲಿ ಏನೋ ಹಿತವೂ ಇತ್ತು. ಒಲೆ ಆರಿಸಿ, ಸೆರಗು ಕೊಡವಿಕೊಂಡು ತನುಜಳ ಮನೆಗೆ ನಡೆದಳು. ಜಗಲಿಯ ಮೇಲೆ ಆಗಲೇ ನಾಲ್ಕಾರು ಹೆಂಗಸರು ಸಪ್ಪಗೆ ಕೂತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು.