ಭಾವನ ಬೂಟಿನಲ್ಲಿ ಸಿಕ್ಕ ಬಿಲ್ಲೆ

ಅಕ್ಕಾ, ಭಾವನ ಬೂಟಿನಿಂದ ಉದುರಿದ ಆ ಬಿಲ್ಲೆ ನನ್ನದು. ಗೋವಾದಲ್ಲಿ ಇಸ್ಪೀಟು ಆಡಿದವನು ನಾನು. ಆ ಹೊತ್ತಿನಲ್ಲಿ ಭಾವ ಲಾಡ್ಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಬಾಯಿ ತೆರೆದುಕೊಂಡು ಮಲಗಿದ್ದರು.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ — ಬಸ್ಸು ಹತ್ತಿ ಕೂತ ಮೇಲೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಇಳಿದು ಮನೆಗೆ ಓಡುವವನು. ಆಗದೇ ಇದ್ದ ಅನಾಹುತಗಳಿಗೆಲ್ಲ ದಿನವೂ ಚಿಂತೆ ಮಾಡಿದೆ. ಆಗಿಯೇ ಹೋದ ಒಂದರ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಆಣೆ ಮಾಡಿಸಿದವನೂ ನಾನೇ ತಾನೇ? ಭಾವನ ಇಸ್ಪೀಟಿನ ಹುಚ್ಚು ತಾಳಲಾರದೆ ನೀನು ಮಕ್ಕಳನ್ನು ಕರೆದುಕೊಂಡು ಐ.ಡಿ.ಹಳ್ಳಿಗೆ, ನಮ್ಮ ಮನೆಗೆ ಬಂದುಬಿಟ್ಟೆಯಲ್ಲ, ಆ ವರ್ಷ. ಎಂಟು ತಿಂಗಳಾದರೂ ಗಂಡನ ಊರು ಬರಗೂರಿನ ಹೆಸರೆತ್ತಲಿಲ್ಲ. ಆಗ ದೊಡ್ಡ ಮನುಷ್ಯನಂತೆ ಹೊರಟವನು ನಾನು. ಭಾವನನ್ನು ನಾಗಲಮಡಿಕೆಗೆ ಕರೆದೊಯ್ದು, ಸುಬ್ರಹ್ಮಣ್ಯನ ಎದುರು ಕರ್ಪೂರ ಹಚ್ಚಿಸಿ, ಇನ್ನು ಎಲೆ ಮುಟ್ಟುವುದಿಲ್ಲ ಎಂದು ಹೇಳಿಸಿದೆ. ಮೇಷ್ಟ್ರಲ್ಲವೇ, ಒಂದು ಸಲ ಹೇಳಿದ್ದು ಸಾಲದೆಂದು ಮೂರು ಸಲ ಹೇಳಿಸಿದೆ. ಅಲ್ಲಿಂದ ಏಳು ವರ್ಷ ಭಾವ ಎಲೆ ಮುಟ್ಟಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಇಸ್ಪೀಟು ಕಲೆಸಿದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಆಮೇಲೆ ಗೋವಾ. ನಮ್ಮಿಬ್ಬರ ಸಂಸಾರ, ಒಂದು ಟೆಂಪೊ ಟ್ರಾವೆಲರ್, ದಾರಿಗೆಂದು ನೀನು ಮಾಡಿ ತಂದ ಮೂರು ಡಬ್ಬಿ ಚಕ್ಕುಲಿ. ಎರಡನೆಯ ದಿನ ಮಧ್ಯಾಹ್ನ ಭಾವ ನಿದ್ದೆ ಮಾಡುತ್ತೇನೆಂದು ಕೋಣೆಯಲ್ಲೇ ಉಳಿದರು, ನೀವೆಲ್ಲ ಚರ್ಚು ನೋಡಲು ಹೋದಿರಿ. ನಾನು ಹೊಟ್ಟೆನೋವು ಎಂದೆ, ಮೆಡಿಕಲ್ ಸ್ಟೋರಿಗೆ ಹೋಗಬೇಕು ಎಂದೆ. ಹೋದದ್ದು ನದಿಯಲ್ಲಿ ನಿಂತಿದ್ದ ಜೂಜಿನ ಹಡಗಿಗೆ.

ಯಾಕೆ? ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಂಭವನೀಯತೆಯ ಪಾಠ ಮಾಡುತ್ತಿದ್ದೇನೆ — ಐವತ್ತೆರಡು ಎಲೆಗಳಲ್ಲಿ ರಾಜ ಸಿಗುವ ಸಾಧ್ಯತೆ ಎಷ್ಟು, ರಾಣಿ ಸಿಗುವ ಸಾಧ್ಯತೆ ಎಷ್ಟು. ಒಂದು ಸಲವೂ ಆಡಿದವನಲ್ಲ. ಒಂದೇ ಒಂದು ಸಲ... ಇರಲಿ. ಅದು ಕಾರಣವೇನೂ ಅಲ್ಲ. ಆಸೆಯಾಯಿತು, ಹೋದೆ.

ಕಾವಲಿನವನು ನನ್ನ ಕಾಲು ನೋಡಿ ತಲೆಯಾಡಿಸಿದ. ಚಪ್ಪಲಿಯವರನ್ನು ಒಳಗೆ ಬಿಡುವುದಿಲ್ಲವಂತೆ. ಬೇರೆ ಯಾರಾದರೂ ಅಷ್ಟಕ್ಕೆ ಬುದ್ಧಿ ಬಂದು ವಾಪಸಾಗುತ್ತಿದ್ದರು. ನಾನು ಲಾಡ್ಜಿಗೆ ಹೋಗಿ, ಪ್ರವಾಸಕ್ಕೆಂದು ನೀನು ಭಾವನಿಗೆ ಕೊಡಿಸಿದ್ದ ಬಿಳಿ ಬೂಟನ್ನು ಬಾಗಿಲ ಬಳಿಯಿಂದ ಎತ್ತಿಕೊಂಡೆ. ಒಂದು ಸೈಜು ದೊಡ್ಡದು. ಬಾತುಕೋಳಿಯ ಹಾಗೆ ನಡೆದು ಹಡಗು ಹತ್ತಿದೆ.

ಅಲ್ಲಿನ ಅತಿ ಸಣ್ಣ ಪಣದ ಪೋಕರ್ ಮೇಜಿಗೆ ಕೂತೆ. ದುಡ್ಡಿನ ಬದಲು ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ಎರಡು ಎಲೆ ನಮ್ಮ ಕೈಗೆ, ಐದು ಎಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ. ಪಣ ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬೇಕು. ನಾನು ಒಂದು ಗಂಟೆ ಹಿಂದೆ ಸರಿಯುತ್ತಲೇ ಕೂತಿದ್ದೆ. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸ. ಕೊನೆಗೊಮ್ಮೆ, ಕೈಯಲ್ಲಿ ಜೊತೆಯಾಗುವ ಒಂದು ಎಲೆಯೂ ಇಲ್ಲದಿದ್ದಾಗ, ಏನಾಯಿತೋ — ಇದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದೆ. ಎದುರಿಗಿದ್ದವನು ನನ್ನ ಮುಖವನ್ನೇ ನೋಡಿದ. ನಾನು ಪರೀಕ್ಷೆಯ ಕೋಣೆಯಲ್ಲಿ ನಿಂತವನಂತೆ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸಲಿಲ್ಲ. ಅವನು ಎಲೆ ಕೆಳಗಿಟ್ಟ. ಗೆದ್ದದ್ದು ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸುವಷ್ಟು. ಆದರೆ ಮೈಯೆಲ್ಲ ಬಿಸಿಯಾಗಿತ್ತು, ಅಕ್ಕಾ. ಸುಮ್ಮನೆ ಕೂತರೂ ಗೆಲ್ಲಬಹುದು ಎಂದು ಆವತ್ತು ಕಲಿತೆ.

ಒಂದು ಬಿಲ್ಲೆಯನ್ನು ನೆನಪಿಗೆಂದು ಉಳಿಸಿಕೊಂಡೆ. ಜೇಬಿನಲ್ಲಿಟ್ಟರೆ ಬಟ್ಟೆ ಒಗೆಯುವಾಗ ಹೆಂಡತಿಗೆ ಸಿಗುತ್ತದಲ್ಲ — ಬೂಟಿನ ಒಳಗಿನ ಮೆತ್ತೆಯ ಕೆಳಗೆ ತುರುಕಿದೆ. ಲಾಡ್ಜಿಗೆ ಬಂದರೆ ನೀವೆಲ್ಲ ಬೀಚಿಗೆಂದು ಆಗಲೇ ಟೆಂಪೊ ಹತ್ತಿ ಕೂತಿದ್ದಿರಿ. ಭಾವ ಒಬ್ಬರೇ ಕೋಣೆಯ ಬಾಗಿಲಲ್ಲಿ ಬರಿಗಾಲಲ್ಲಿ ಕಾಯುತ್ತಿದ್ದರು.

"ನನ್ ಬೂಟ್ ಹಾಕ್ಕೊಂಡ್ ಎಲ್ಗೋಗಿದ್ಯೋ ಮಾರಾಯ? ತಗಿ ತಗಿ, ಎಲ್ರೂ ಕಾಯ್ತಾವ್ರೆ."

ಬಿಲ್ಲೆ ತೆಗೆಯಲು ಆಗಲೇ ಇಲ್ಲ. ಎರಡು ದಿನ ಭಾವ ಅದನ್ನೇ ಮೆಟ್ಟಿಕೊಂಡು ಓಡಾಡಿದರು. "ಎಡಗಾಲಾಗೆ ಏನೋ ಒತ್ತತೈತೆ ಕಣಪ್ಪ" ಎಂದಾಗ, ಹೊಸ ಬೂಟು ಹಾಗೇ ಎಂದು ಸಮಾಧಾನ ಹೇಳಿದವನೂ ನಾನೇ.

ಬರಗೂರಿಗೆ ಮರಳಿದ ಮರುದಿನ, ನಾನಿನ್ನೂ ನಿಮ್ಮ ಮನೆಯಲ್ಲೇ ಉಳಿದಿದ್ದಾಗ, ನೀನು ಮರಳು ಕೊಡವಲು ಬೂಟಿನ ಮೆತ್ತೆ ಎಳೆದೆ. ಬಿಲ್ಲೆ ಉರುಳಿ ಬಂದು ಒಲೆಯ ಕಟ್ಟೆಗೆ ತಾಗಿ ನಿಂತಿತು. ಅದರ ಮೇಲೆ ಹಡಗಿನ ಚಿತ್ರ. ಅದೇ ಚಿತ್ರದ ಬೋರ್ಡನ್ನು ನಾವೆಲ್ಲ ದಡದಲ್ಲಿ ನೋಡಿದ್ದೆವು.

"ಇದೇನ್ರೀ ಇದು?" ಎಂದೆ ನೀನು. ಅಷ್ಟೇ.

ಭಾವ ಬಿಲ್ಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಕಾಯುತ್ತಿದ್ದರು. ನಾಲ್ಕೈದು ಉಸಿರಿನಷ್ಟು ಹೊತ್ತು — ನಾನು ಎಣಿಸಿದೆ, ಅಕ್ಕಾ, ಎಣಿಸುತ್ತ ಕೂತಿದ್ದೆ — ನಾನು ಬಾಯಿ ತೆರೆಯಲೆಂದು ಕಾದರು. ನನ್ನ ಮುಖ ಮತ್ತೆ ಹಡಗಿನ ಮುಖವಾಗಿತ್ತು.

"ತಪ್ಪಾಯ್ತು ಕಣೇ" ಎಂದರು ಭಾವ.

ನೀನು ಅಳಲಿಲ್ಲ. ಆಣೆ ಮುರಿದದ್ದಕ್ಕೆ ತಪ್ಪು ಕಾಣಿಕೆಯೆಂದು ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿದೆ, ಜೊತೆಗೆ ಆ ಬಿಲ್ಲೆಯನ್ನೂ ಇಟ್ಟು ಗಂಟು ಬಿಗಿದೆ. "ಆಣೆ ಮಾಡ್ಸಿದೋನು ನೀನೇ ಕಣ್ಲಾ. ಮುಡಿ ಕೊಡ್ಸಿ, ಹುಂಡಿಗೆ ಹಾಕ್ಸಿ ಕರ್ಕೊಂಬಾ" ಎಂದೆ.

ಕರೆದುಕೊಂಡು ಹೋದೆ. ನಾಗಲಮಡಿಕೆಯಲ್ಲಿ ಭಾವ ತಲೆ ಬೋಳಿಸಿಕೊಂಡು ಬಂದಾಗ ನನಗೆ ತಡೆಯಲಾಗಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ನನ್ನ ಬಕ್ಕತಲೆಯನ್ನು ನೋಡಿ ನಕ್ಕರು.

"ಕೊಡಾಕೆ ನಿನ್ ತಲೆಮೇಲೆ ಏನೈತ್ಲಾ? ನಂದಾದ್ರೂ ನಾಕ್ ಕೂದ್ಲು ಐತೆ." ಆಮೇಲೆ ನಗು ನಿಂತಿತು. "ನಾನಲ್ಲ ಅಂದ್ರೆ ನಿಮ್ಮಕ್ಕ ನಂಬ್ತಿರ್ಲಿಲ್ಲ ಕಣಪ್ಪ. ಅದನ್ನ ನೋಡಾಕೆ ನನ್ ಕೈಲಿ ಆಗ್ತಿರ್ಲಿಲ್ಲ. ನಾನೇ ಅಂದ್ಬುಟ್ರೆ... ಬುಡು ಅತ್ಲಾಗೆ."

ಗಂಟನ್ನು ನನ್ನ ಕೈಗಿಟ್ಟರು. "ನೀನೇ ಹಾಕು."

ಹಾಕಿದೆ. ಹುಂಡಿಯೊಳಗೆ ಅದು ಬಿದ್ದ ಸದ್ದು ಕೇಳಿಸಿತು. ವಾಪಸು ಬಂದು ನಿನ್ನ ಕೈಯಿಂದಲೇ ಕಾಫಿ ಕುಡಿದೆ. ಆಗಲೂ ಹೇಳಲಿಲ್ಲ.

ಅಂದಿನಿಂದ ನೀನು ಭಾವನನ್ನು ಒಬ್ಬರನ್ನೇ ಶಿರಾದ ಸಂತೆಗೂ ಕಳಿಸಿಲ್ಲ. ಹಿಟ್ಟಿನ ಮಿಲ್ಲಿನ ಕೆಲಸದಲ್ಲಿದ್ದೇನೆ ಎಂದು ಅವರು ಹೇಳಿದರೆ, ಫೋನನ್ನು ಮಿಷನ್ನಿನ ಹತ್ತಿರ ಹಿಡಿಯಿರಿ, ಸದ್ದು ಕೇಳಬೇಕು ಎನ್ನುತ್ತೀಯ. ಅವರು ಹಿಡಿಯುತ್ತಾರೆ. ಒಮ್ಮೆ ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಚಾಚಿ ಫೋನು ಹಿಡಿದುಕೊಂಡು, ನನ್ನ ಕಡೆ ತಿರುಗದೆ, ನೀನು ಸಾಕು ಎನ್ನುವವರೆಗೂ ನಿಂತಿದ್ದರು.

ಕಳೆದ ವಾರ ರಾಮೇಶ್ವರದ ಪ್ರವಾಸದ ಮಾತೆತ್ತಿದಾಗ ನೀನು ಹೇಳಿದೆ: "ನಿಮ್ ಭಾವ ಬ್ಯಾಡ. ಮನೆ ಬಿಟ್ಟು ಹೊರೀಕ್ ಹೋದ್ರೆ ಏನ್ ಮಾಡ್ತಾರೆ ಅಂತ ನೋಡಿದೀವಲ್ಲ." ಹಿಂದಿನಿಂದ ಭಾವನ ದನಿ ಕೇಳಿಸಿತು: "ಹೂಂ, ನೀವ್ ಹೋಗ್ಬನ್ನಿ."

ಇದನ್ನು ಅಂಚೆಗೆ ಹಾಕಿ ಸುಮ್ಮನಾಗೋಣ ಎಂದುಕೊಂಡಿದ್ದೆ. ಅದೂ ಎಲೆ ಕೆಳಗಿಟ್ಟು ಹಿಂದೆ ಸರಿಯುವುದೇ. ಹಾಗಾಗಿ ಭಾನುವಾರ ಬೆಳಗಿನ ಬಸ್ಸಿಗೆ ಇದನ್ನು ಹಿಡಿದುಕೊಂಡು ನಾನೇ ಬರಗೂರಿಗೆ ಬರುತ್ತೇನೆ. ಭಾವನನ್ನು ಮಿಲ್ಲಿನಿಂದ ಕರೆಸುತ್ತೇನೆ. ಅವರ ಎದುರಿಗೇ, ಅದೇ ಒಲೆಯ ಕಟ್ಟೆಯ ಹತ್ತಿರ, ಮೊದಲ ಸಾಲಿನಿಂದ ಇದನ್ನು ಓದುತ್ತೇನೆ. ಓದಿ ಮುಗಿಸಿ, ಅವರು ನನಗಾಗಿ ಕಾದಂತೆ, ನಿನ್ನ ಮಾತಿಗೆ ಕಾಯುತ್ತೇನೆ. ಈ ಸಲ ಉಸಿರು ಎಣಿಸುವುದಿಲ್ಲ.