ಏಳನೆಯ ಕಪಾಟಿನ ಮೀನುಗಳು

ಅವಳನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಮೂರು ತಿಂಗಳ ಮಟ್ಟಿಗೆ. ಅಕ್ಷರ ಮುತ್ತು ಪೋಣಿಸಿದಂತಿದೆ, ಮಾಸಿದ ಚೀಟಿಗಳನ್ನು ಹೊಸದಾಗಿ ಬರೆದುಕೊಟ್ಟರೆ ಸಾಕು ಎಂದಿದ್ದರು. ಆ ಮೂರು ತಿಂಗಳು ಹತ್ತೊಂಬತ್ತು ವರ್ಷವಾಯಿತು. ಈಗ ವಸ್ತುಸಂಗ್ರಹಾಲಯದಲ್ಲಿ ಎಲ್ಲರಿಗೂ ಅವಳು ಸೀಸೆ ಅಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಅವಳ ಕೋಣೆ ನೆಲಮಾಳಿಗೆಯಲ್ಲಿ, ಒಂದು ಕಿಟಕಿಯೂ ಇಲ್ಲ. ಹನ್ನೆರಡು ಕಪಾಟು, ನಾಲ್ಕು ಸಾವಿರ ಗಾಜಿನ ಸೀಸೆ. ಆ ಸೀಮೆಯ ಹೊಳೆ, ಕೆರೆ, ಗುಡ್ಡಗಳಿಂದ ಊರಿನ ಶಾಲಾ ಮೇಷ್ಟ್ರೊಬ್ಬರು ಐವತ್ತು ವರ್ಷ ಹಿಡಿದು ತಂದ ಮೀನು, ಕಪ್ಪೆ, ಹಲ್ಲಿ, ಹಾವುಗಳು ಸ್ಪಿರಿಟ್‌ನಲ್ಲಿ ಮುಳುಗಿವೆ. ಸ್ಪಿರಿಟ್ ಆರಿದರೆ ತುಂಬಬೇಕು, ಮುಚ್ಚಳ ಸಡಿಲವಾದರೆ ಬಿಗಿಯಬೇಕು. ಕೊನೆಯ ಕಪಾಟು ಮುಗಿಯುವ ಹೊತ್ತಿಗೆ ಮೊದಲನೆಯದರಲ್ಲಿ ಸ್ಪಿರಿಟ್ ಇಳಿದಿರುತ್ತದೆ. ಇದು ಸಾಲದೆಂಬಂತೆ ಎಲ್ಲೋ ಕುಳಿತ ಪಂಡಿತರು ಕಪ್ಪೆಗಳ ಶಾಸ್ತ್ರೀಯ ಹೆಸರನ್ನೇ ಬದಲಾಯಿಸುತ್ತಾರೆ. ಒಂದು ವರ್ಷ ಅರವತ್ತು ಸೀಸೆಗೆ ಹೊಸ ಚೀಟಿ ಬರೆದು ಉಸಿರುಬಿಟ್ಟಿದ್ದಳು. ಮರುವರ್ಷ ಅವೇ ಅರವತ್ತಕ್ಕೆ ಮತ್ತೆ ಬೇರೆ ಹೆಸರು.

"ಸತ್ತ ಮೇಲೂ ಇವಕ್ಕೆ ನೆಮ್ಮದಿ ಇಲ್ಲ, ನನಗೂ ಇಲ್ಲ," ಎಂದುಕೊಂಡು ಮಸಿ ತುಂಬಿದಳು.

ಬಸ್ ಓಡಿಸುವ ಗಂಡ ಸಂಜೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಬಂದ್ಳಪ್ಪ ಕಪ್ಪೆ ರಾಣಿ! ಮೊದಲು ಸ್ನಾನ, ಆಮೇಲೆ ಮಾತು," ಎಂದು ಗೇಲಿ ಮಾಡುತ್ತಿದ್ದ. ಸ್ಪಿರಿಟ್ ಘಾಟಿಗೆ ಅವಳಿಗೆ ಕಣ್ಣುರಿ ಶುರುವಾದ ಮೇಲೆ ಗೇಲಿ ನಿಂತಿತು. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ ಎಂದರು ವೈದ್ಯರು. ಮೇಲಿನ ಮಹಡಿಯ ಗ್ರಂಥಾಲಯಕ್ಕೆ ವರ್ಗ ಕೇಳಿ ಅವಳು ಮೂರು ಅರ್ಜಿ ಹಾಕಿದಳು. ಮೂರು ಸಲವೂ ಮೇಲ್ವಿಚಾರಕರು ನಗುನಗುತ್ತಲೇ, "ನೀವಿಲ್ಲದಿದ್ರೆ ನಮ್ಮ ಕೈಕಾಲೇ ಆಡಲ್ಲಮ್ಮ," ಎಂದು ಹಿಂದಿರುಗಿಸಿದರು.

ಹೀಗಿರುವಾಗ ಹೊರಗಿನಿಂದ ಒಬ್ಬ ಸಂಶೋಧಕಿ ಎಂಟು ದಿನಕ್ಕೆಂದು ಬಂದಳು. ಇಂಥ ಸಣ್ಣಪುಟ್ಟ ಸಂಗ್ರಹಗಳನ್ನು ಹುಡುಕಿಕೊಂಡು ಹೋಗಿ, ಯಾವ ಜೀವಿ ಹಿಂದೆ ಎಲ್ಲೆಲ್ಲಿತ್ತು ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಏಳನೆಯ ಕಪಾಟಿನ ಬೆರಳುದ್ದದ ಮೀನುಗಳನ್ನು ತಟ್ಟೆಯಲ್ಲಿ ಹರಡಿಕೊಂಡು, ಮಸೂರ ಹಿಡಿದು ಈಜುರೆಕ್ಕೆಯ ಮುಳ್ಳು ಎಣಿಸುತ್ತಿದ್ದವಳು ತಲೆ ಎತ್ತಿದಳು.

"ಅಕ್ಕಾ, ಚೀಟಿಯಲ್ಲಿ 'ಸೇತುವೆಯ ಮೇಲ್ಭಾಗ' ಅಂತಷ್ಟೇ ಇದೆ. ಯಾವ ಸೇತುವೆ?"

"ಈಗಿರೋದಲ್ಲಮ್ಮ. ಹಳೇ ಕಲ್ಲಿನ ಸೇತುವೆ, ಅದು ಬಿದ್ದುಹೋಯ್ತು. ಇದನ್ನ ಹಿಡಿದ ಮೇಷ್ಟ್ರೇ ನನಗೆ ಹೇಳಿದ್ರು. ಮೇಲ್ಭಾಗ ಅಂದ್ರೆ ಅಲ್ಲಿಂದ ಅರ್ಧ ಗಂಟೆ ನಡಿಗೆ. ಹಿಡಿದಾಗ ಬಾಲ ಕೆಂಪಗಿತ್ತಂತೆ."

ತಟ್ಟೆಯಲ್ಲಿದ್ದ ಮೀನುಗಳೆಲ್ಲ ಆರಿದ ಚಹಾದ ಬಣ್ಣಕ್ಕೆ ತಿರುಗಿದ್ದವು.

"ಇದನ್ನೆಲ್ಲ ಎಲ್ಲಿ ಬರೆದಿಟ್ಟಿದ್ದೀರಿ?"

ಸೀಸೆ ಅಕ್ಕ ತನ್ನ ತಲೆ ಮುಟ್ಟಿ ತೋರಿಸಿದಳು.

"ಅಯ್ಯೋ! ಮತ್ತೆ ವರ್ಗ ಕೇಳಿದ್ದೀನಿ ಅಂದ್ರಲ್ಲ, ನಿಮ್ಮನ್ನ ಹೇಗೆ ಬಿಡ್ತಾರೆ ಅಕ್ಕಾ?"

ಮಾತು ಚುರುಕ್ಕೆಂದಿತು. ಬರೆದಿಡಬಾರದೆಂದು ಅವಳೇನೂ ಹಟ ಹಿಡಿದಿರಲಿಲ್ಲ. ಆದರೆ ದೊಡ್ಡ ದೊಡ್ಡವರು ಮೆಟ್ಟಿಲಿಳಿದು ಬಂದು ತನ್ನನ್ನೇ ಕೇಳುವಾಗ ಒಳಗೊಳಗೇ ಹಿಗ್ಗುತ್ತಿದ್ದದ್ದೂ ಸುಳ್ಳಲ್ಲ.

ಅಂದಿನಿಂದ ಬರೆಯಲು ಕೂತಳು. ಮೇಷ್ಟ್ರು ಹೇಳಿದ ಹಳ್ಳ, ಬಂಡೆ, ಬಣ್ಣ ಎಲ್ಲವನ್ನೂ ಸೀಸೆ ಸೀಸೆಯಾಗಿ ನೆನಪು ಮಾಡಿಕೊಂಡು ಐದು ತಿಂಗಳಲ್ಲಿ ಆರು ನೋಟ್‌ಬುಕ್ ತುಂಬಿಸಿದಳು. ಅವುಗಳ ಮೇಲೆ ನಾಲ್ಕನೆಯ ಅರ್ಜಿ ಇಟ್ಟು ಮೇಲ್ವಿಚಾರಕರ ಮೇಜಿಗೆ ಒಯ್ದಳು. ಅವರು ಎರಡು ದಿನ ಊಟದ ಹೊತ್ತನ್ನೂ ಮರೆತು ಓದಿದರು.

ವಾರದ ಮೇಲೆ ಕರೆಸಿದರು. "ಎಂಥ ಕೆಲಸ ಮಾಡಿದ್ದೀರಮ್ಮ! ಇನ್ನು ಎಲ್ಲೆಲ್ಲಿಂದಲೋ ವಿದ್ವಾಂಸರ ಪತ್ರ ಬರುತ್ತೆ. ಉತ್ತರ ಬರೆಯೋಕೆ ನೀವೇ ಬೇಕು. ಗ್ರಂಥಾಲಯಕ್ಕೆ ಬೇರೆಯವರನ್ನ ಹಾಕಿಯಾಯ್ತು."

ಅವಳು ನೋಟ್‌ಬುಕ್‌ಗಳತ್ತ ಕೈ ತೋರಿಸಿದಳು. "ಎಲ್ಲಾ ಬರೆದು ಕೊಟ್ಟಿದ್ದೀನಲ್ಲ ಸಾರ್. ಇನ್ನು ನಾನ್ಯಾಕೆ?"

"ಬರೆದವರನ್ನ ಕಳಿಸೋಕಾಗುತ್ತಾ?"

"ಹಾಗಾದ್ರೆ ಗೋಡೆ ಒಡೆಸಿ. ಕಿಟಕಿ ಆಗೋವರೆಗೂ ನಾನು ಕೆಳಗೆ ಇಳಿಯಲ್ಲ."

ಹತ್ತೊಂಬತ್ತು ವರ್ಷದಲ್ಲಿ ಅವಳು ಎದುರಾಡಿದ್ದು ಅದೇ ಮೊದಲು. ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಒಂಬತ್ತು ದಿನ ಕೂತಳು. ಕೆಳಗೆ ಯಾವುದೋ ಮುಚ್ಚಳ ಸೋರಿ ಘಾಟು ಕಚೇರಿಯವರೆಗೂ ಏರಿತು. ಯಾವ ಸೀಸೆಯೆಂದು ಯಾರಿಗೂ ತಿಳಿಯಲಿಲ್ಲ. ಹತ್ತನೆಯ ದಿನ ಗಾರೆಯವನು ಬಂದ.

ಕಿಟಕಿಯಾಯಿತು. ಚಾವಣಿಗೆ ತಾಗಿದಂತೆ, ಎರಡು ಗೇಣು ಅಗಲ, ಅದಕ್ಕೂ ಕಬ್ಬಿಣದ ಸರಳು. ಕಣ್ಣುರಿ ಕಡಿಮೆಯಾಯಿತು, ಹೋಗಲಿಲ್ಲ.

"ಏನು ಕಾಣ್ಸುತ್ತೆ ಅದರಿಂದ?" ಗಂಡ ಕೇಳಿದ.

"ರಸ್ತೆ ಮೇಲೆ ಹೋಗೋರ ಕಾಲು. ಇವತ್ತು ಒಂದು ನಾಯಿ ಇಣುಕಿತ್ತು. ಸ್ವಲ್ಪ ಹೊತ್ತು ಇಬ್ರೂ ನೋಡ್ಕೊಂಡು ನಿಂತ್ವಿ."

ಅವನು ನಕ್ಕ. ಅವಳೂ ನಕ್ಕಳು. ಆಮೇಲೆ ದೀಪದ ಕಡೆ ಬೆನ್ನು ಹಾಕಿ ಮಲಗಿ, "ಇನ್ನೂ ಹನ್ನೊಂದು ವರ್ಷ ಸರ್ವೀಸ್ ಇದೆ ಕಣ್ರೀ," ಎಂದಳು.