ಎರಡು ಪಿನ್ನಿನ ಪ್ಲಗ್ಗು

ವಾಷಿಂಗ್ ಮಷಿನ್ ನೀರು ಎಳೆಯುತ್ತಿಲ್ಲ ಎಂದರೆ ನಾನು ಮೊದಲು ಬಿಚ್ಚುವುದು ಪೈಪಿನ ಬುಡದ ಜಾಲರಿ. ನಮ್ಮ ಸಿಂದಗಿ ಕಡೆಯ ಸವಳು ನೀರು ಅದನ್ನು ಸುಣ್ಣ ಬಳಿದಂತೆ ಮುಚ್ಚಿರುತ್ತದೆ. ಮೋಟರ್ ಗುಂಯ್ ಎಂದರೂ ಡ್ರಮ್ ತಿರುಗದಿದ್ದರೆ ಬೆಲ್ಟ್ ನೋಡುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮುಟ್ಟಿದರೆ ಜುಮ್ ಅನ್ನುವುದನ್ನು ಮಾತ್ರ ನಾನು ದೋಷವೆಂದು ಎಣಿಸಿರಲಿಲ್ಲ.

ಹಳೆಯ ಮನೆಗಳ ಬೋರ್ಡಿನಲ್ಲಿ ಎರಡೇ ತೂತು. ಮೂರು ಪಿನ್ನಿನ ಪ್ಲಗ್ಗು ಕೂಡುವುದಿಲ್ಲ. ಸೋರುವ ಕರೆಂಟು ನೆಲಕ್ಕೆ ಇಳಿಯಲು ಅರ್ಥಿಂಗ್ ಬೇಕು, ಅದಕ್ಕೆ ಅಂಗಳದಲ್ಲಿ ತಗ್ಗು ತೋಡಬೇಕು. ಅದು ಯಾರಿಗೂ ಬೇಡ. ನಾನೇ ಪ್ಲಗ್ಗು ಕತ್ತರಿಸಿ, ಎರಡು ಪಿನ್ನಿನದು ಹಾಕಿ, "ಚಪ್ಪಲ್ ಹಾಕ್ಕೊಂಡು ಮುಟ್ರಿ" ಎಂದು ಹೇಳಿ ಬರುತ್ತಿದ್ದೆ. ನಮ್ಮ ಮನೆಯ ಮಷಿನ್ನಿಗೂ ಹಾಗೇ ಮಾಡಿದ್ದೆ.

ಮಷಿನ್ ಜುಮ್ ಅನ್ನುತ್ತದೆ ಎಂದು ಹೆಂಡತಿ ಎರಡು ಸಲ ಹೇಳಿದಳು. ಎರಡನೆಯ ಸಲ, "ನಾನೂ ಗಿರಾಕಿ ಆಗಿ ಬರ್ಲೇನ್ರಿ?" ಎಂದು ನಕ್ಕಳು. ಶ್ರಾವಣ ಮುಗಿಯಲಿ ಎಂದೆ.

ಶ್ರಾವಣ ಸೋಮವಾರ ಜಳಕ ಮಾಡಿ ದೇವರ ಬಟ್ಟೆ ಮಷಿನ್ನಿಗೆ ಹಾಕಲು ಹೋದಳು. ದೇವರ ಬಟ್ಟೆ ಮುಟ್ಟುವಾಗ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು. ಆಗ ನಾನು ಸಾಲೋಟಗಿಯಲ್ಲಿ ಯಾರದೋ ಫ್ರಿಜ್ ಬಿಚ್ಚಿಕೊಂಡು ಕೂತಿದ್ದೆ.

ಆಕೆಯ ಮಣ್ಣಿಗೆ ಬಂದವರು, "ಆಕಿ ಹಣೆಬರಹ" ಎಂದರು. ಬರೆದವನು ಅಲ್ಲೇ ಕೂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ.

ಈಗ ನಾನು ಪ್ಲಗ್ಗು ಕತ್ತರಿಸಿದ ಮನೆಗಳಿಗೆ ತಿರುಗುತ್ತಿದ್ದೇನೆ. ದೇವಣಗಾಂವದ ಒಂದು ಮನೆಯಲ್ಲಿ ಯಜಮಾನತಿ ಬಾಗಿಲಲ್ಲೇ ನಿಂತರು.

"ನಾವು ಕರದಿಲ್ಲಲ್ರಿ ಅಣ್ಣಾರ."

"ಅರ್ಥಿಂಗ್ ಮಾಡಿಕೊಡ್ತೇನ್ರಿ ಅಕ್ಕಾರ. ರೊಕ್ಕ ಬ್ಯಾಡ."

"ಅಂಗಳಕ್ಕ ಮೊನ್ನೆ ಫರಸಿ ಕಲ್ಲು ಹಾಕ್ಸೇವಿ. ಅದನ್ನ ಒಡೀತೀರೇನು?"

ಒಳಗೆ ಹೋಗಿ ಮಷಿನ್ನಿನ ಮೈಗೆ ಟೆಸ್ಟರ್ ಹಚ್ಚಿದೆ. ದೀಪ ಹತ್ತಿತು.

"ಅದು ಮೊದಲಿಂದ ಜುಮ್ ಅಂತೈತ್ರಿ. ಮೂರು ವರ್ಷಾತು, ಯಾರಿಗೇನಾಗೇತಿ? ನೀವ ಕತ್ತರಿಸಿ ಕೊಟ್ಟೀರಿ, ಈಗ ನೀವ ಅಂಜಸಾಕ ಬಂದೀರಿ."

"ನನ್ನ ಹೆಂಡತಿ ಇದರಾಗ ಹೋದಳ್ರಿ."

"ಕೇಳೇವ್ರಿ. ಪಾಪ. ಆದ್ರ ಫರಸಿ ಒಡಿಯೂದು ಬ್ಯಾಡ."

ನಾನು ಪ್ಲಗ್ಗು ಕಿತ್ತು, ವೈರನ್ನು ಬುಡದಲ್ಲೇ ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ. ಓಣಿ ದಾಟುವವರೆಗೂ ಬೈದರು. ಬೈಯಲಿ ಎಂದುಕೊಂಡೆ.

ಬೇರೆ ಮೆಕ್ಯಾನಿಕನನ್ನು ಕರೆಸಿ ಹೊಸ ವೈರು ಹಾಕಿಸಿಕೊಂಡರೆಂದು ವಾರದ ಮೇಲೆ ತಿಳಿಯಿತು. ಅದಕ್ಕೂ ಎರಡೇ ಪಿನ್ನು. ಮತ್ತೆ ಹೋಗಬೇಕು.